ಹಗ್ಗ ಮುಟ್ಟಿದ್ದನ್ನು ನಾನು ಕಂಡೆನೇ

ಆ ಸಂಜೆ ತ್ರಾಸಿಯ ಕಡಲದಂಡೆಯಲ್ಲಿ ಆ ಹೆಂಗಸು ಬಲೆಯ ಹಗ್ಗ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆನೋ, ಮುಟ್ಟುತ್ತಾಳೆಂದು ಮೊದಲೇ ಗೊತ್ತಿದ್ದುದರಿಂದ ಕಂಡೆನೆಂದುಕೊಂಡೆನೋ, ಈಗ ನನಗೆ ಖಚಿತವಿಲ್ಲ. ಅವಳ ಸೀರೆ ಒಮ್ಮೆ ಹಸಿರಾಗಿ ನೆನಪಿಗೆ ಬರುತ್ತದೆ, ಇನ್ನೊಮ್ಮೆ ಮಾಸಿದ ಕೆಂಪಾಗಿ. ಒಂದು ನೆನಪಿನಲ್ಲಿ ಅವಳ ಬಲಗೈ ಹಗ್ಗದ ಮೇಲಿದೆ, ಇನ್ನೊಂದರಲ್ಲಿ ಎರಡೂ ಕೈಗಳು ಸೊಂಟದ ಮೇಲಿನ ಬುಟ್ಟಿಯನ್ನು ಹಿಡಿದಿವೆ. ವರ್ಷದ ಬಗ್ಗೆಯೂ ಜಗಳವಾಡಲಾರೆ. ಅರವತ್ತರ ದಶಕದ ಮೊದಲ ಭಾಗ ಎನ್ನುವಷ್ಟು ಹೇಳಬಲ್ಲೆ, ಏಕೆಂದರೆ ಆಗ ಕುಂದಾಪುರದಿಂದ ಬಡಗಲಿಗೆ, ಎಂದರೆ ಉತ್ತರದ ಕಡೆಗೆ, ಹೋಗಬೇಕಾದರೆ ಬಸ್ಸು ಇಳಿದು, ಹೊಳೆಯನ್ನು ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತಬೇಕಾಗಿದ್ದುದು ನೆನಪಿದೆ.

ಇಷ್ಟು ಅನುಮಾನವಿರುವ ಈ ಸಂಗತಿಯನ್ನು ಒಂದು ಭಾನುವಾರ ನಾನು ನಲವತ್ತು ಜನರ ಎದುರು ಎದ್ದು ನಿಂತು ಖಚಿತವೆಂದು ಹೇಳಿದೆ. ಹೇಳಿದ್ದರಲ್ಲಿ ಸಂಶಯವಿಲ್ಲ.

ನಾನು ಬ್ರಹ್ಮಾವರದ ಕಡೆಯ ಬೇಸಾಯದ ಮನೆಯವನು. ಮನೆಯಲ್ಲಿ ಯಾರಿಗೂ ಬೇಡವಾಗಿದ್ದ ತತ್ತ್ವಶಾಸ್ತ್ರವನ್ನು ವಿಶ್ವವಿದ್ಯಾಲಯದಲ್ಲಿ ಓದಿ, ಅದರಿಂದ ಉದ್ಯೋಗ ಸಿಗದೆ, ಇಂಗ್ಲಿಷ್ ಕಲಿಸುವವನಾದೆ. ತ್ರಾಸಿಯ ಬಳಿಯ ಆ ಹೈಸ್ಕೂಲು ಎರಡು ವರ್ಷಗಳಲ್ಲಿ ನನ್ನ ಮೂರನೆಯ ನೌಕರಿ. ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಮುಖ್ಯೋಪಾಧ್ಯಾಯರು ಹೇಳಿದ್ದಕ್ಕೆ ಪುರಾವೆ ಕೇಳುತ್ತಿದ್ದೆ, ಊಟದ ಹೋಟೆಲಿನಲ್ಲಿ ಗ್ರಹಚಾರದ ಮಾತು ಬಂದರೆ ವಾದಕ್ಕೆ ಇಳಿಯುತ್ತಿದ್ದೆ, ಕೊನೆಗೆ ಯಾರೂ ಜೊತೆಗೆ ಕೂರದೆ ಒಬ್ಬನೇ ಉಣ್ಣುತ್ತಿದ್ದೆ. ನಂಬುವ ಮೊದಲು ಕಾಣಬೇಕು, ಕಂಡದ್ದನ್ನು ಕಂಡಂತೆ ಹೇಳಬೇಕು. ವಿಶ್ವವಿದ್ಯಾಲಯದಿಂದ ನಾನು ತಂದದ್ದು ಇಷ್ಟೇ ಮತ್ತು ಅದು ಬಹಳ ದೊಡ್ಡದೆಂದು ನಂಬಿದ್ದೆ. ಆ ನಂಬಿಕೆಗೆ ಮಾತ್ರ ನಾನು ಎಂದೂ ಪುರಾವೆ ಕೇಳಿರಲಿಲ್ಲ.

ಎಸ್ಸೆಸ್ಸೆಲ್ಸಿ ತರಗತಿಯ ಹಾಜರಿ ಬರೆಯುವುದು, ಅದಕ್ಕೆ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಸುವುದು ಎರಡೂ ನನ್ನ ಪಾಲಿಗೆ ಬಂದಿದ್ದವು. ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ ಎಂಬ ಪ್ರಶ್ನೆ ಪ್ರತಿವರ್ಷ ಬರುತ್ತಿತ್ತು. ಮಕ್ಕಳು ಗೈಡಿನಲ್ಲಿದ್ದ ವಾಕ್ಯವನ್ನೇ ಬಾಯಿಪಾಠ ಮಾಡುತ್ತಿದ್ದರು. ಸಮುದ್ರದ ಬದಿಯಲ್ಲಿ ಹುಟ್ಟಿ ಬೆಳೆದವರು ಹಿಮದ ಮೇಲೆ, ಕುದುರೆಗಾಡಿಗಳ ಮೇಲೆ ವಾಕ್ಯ ಬರೆಯುವುದನ್ನು ಕಂಡು ನನಗೆ ಸಿಟ್ಟು ಬರುತ್ತಿತ್ತು. ಗೈಡು ತರಬೇಡಿ, ನೀವು ಕಂಡದ್ದರ ಬಗ್ಗೆ ಬರೆಯಿರಿ ಎಂದು ಹೇಳಿದ್ದೆ. ಹೀಗೆ ಹೇಳಿದವನು ನಾನೇ ಎಂಬುದನ್ನು ಇಲ್ಲಿ ಮರೆಯದೆ ಬರೆಯಬೇಕು.

ಆ ದಿನದ ನುಡಿಗಟ್ಟು 'ಟರ್ನ್ ಎ ಬ್ಲೈಂಡ್ ಐ.' ಪದಕ್ಕೆ ಪದ ಇಟ್ಟರೆ ಕುರುಡುಗಣ್ಣನ್ನು ತಿರುಗಿಸುವುದು. ನಮ್ಮ ಮಾತಿನಲ್ಲಿ ಹೇಳಿದರೆ ಕಂಡೂ ಕಾಣದ ಹಾಗಿರುವುದು. ಗೈಡಿನಲ್ಲಿ 'ಅಲಕ್ಷಿಸು' ಎಂದು ಒಂದೇ ಶಬ್ದ ಕೊಟ್ಟಿದ್ದರು. ಅದು ಸಾಲದು ಎಂದು ನಾನು ಕಪ್ಪುಹಲಗೆಯ ಮುಂದೆ ಬಹಳ ಹೊತ್ತು ಮಾತಾಡಿದೆ. ಅಲಕ್ಷ್ಯ ಮಾಡುವವನಿಗೆ ಗಮನವೇ ಇರುವುದಿಲ್ಲ. ಇದರಲ್ಲಿ ಗಮನ ಪೂರ್ತಿ ಇದೆ. ಮೊದಲು ಚೆನ್ನಾಗಿ ಕಾಣಬೇಕು, ಆಮೇಲೆ ಕಂಡಿಲ್ಲವೆಂದು ತನ್ನೊಳಗೇ ತೀರ್ಮಾನಿಸಬೇಕು. ನಿಜವಾಗಿ ಕಾಣದವನು ಈ ಕೆಲಸ ಮಾಡಲಾರ. ಯಾವುದನ್ನು ಕಾಣದ ಹಾಗಿದ್ದಾನೋ ಅದಕ್ಕಿಂತ ಮೊದಲು 'ಟು' ಎಂಬ ಶಬ್ದ ಬರಬೇಕು. ಉದಾಹರಣೆಗೆ, ಬಸ್ಸಿನಲ್ಲಿ ಕುರಿಗಳಂತೆ ತುಂಬಿದ, ಮಿತಿಗಿಂತ ಹೆಚ್ಚಿನ ಜನಕ್ಕೆ ಚೆಕ್ಕಿಂಗಿನವನು ಕುರುಡುಗಣ್ಣು ತಿರುಗಿಸಿದ.

ಅದರ ಹಿಂದಿನ ಕಥೆಯನ್ನೂ ಹೇಳಿದೆ. ಒಕ್ಕಣ್ಣಿನ ಇಂಗ್ಲಿಷ್ ನೌಕಾಧಿಕಾರಿಯೊಬ್ಬ ಯುದ್ಧದ ನಡುವೆ, ಹಿಂದಕ್ಕೆ ಸರಿ ಎಂದು ಮೇಲಧಿಕಾರಿ ತೋರಿಸಿದ ಬಾವುಟಕ್ಕೆ ದುರ್ಬೀನನ್ನು ತನ್ನ ಕುರುಡು ಕಣ್ಣಿಗೆ ಹಿಡಿದು, ನನಗೆ ಏನೂ ಕಾಣಿಸುತ್ತಿಲ್ಲ ಎಂದನಂತೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ ಬೈಂದೂರ್ ಬಸ್ಸಿನ್ ಡ್ರೈವರಿಗೂ ಒಂದೇ ಕಣ್ಣ್ ಸರ್, ಹೊಂಡ ಎಲ್ಲ ಆ ಬದಿಗೇ ಬತ್ತ್" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಆ ನೌಕಾಧಿಕಾರಿಯ ಕಥೆಯೂ ಪೂರ್ತಿ ನಂಬುವಂಥದಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಎಲ್ಲೋ ಓದಿದೆ.

ತರಗತಿಯಲ್ಲಿ ಐದು ಜನ ಹುಡುಗಿಯರಿದ್ದರು. ನಾಲ್ವರು ಅಂಗಡಿ, ಗದ್ದೆ ಇದ್ದ ಮನೆಯವರು. ಐದನೆಯವಳು ಕಡಲದಂಡೆಯಲ್ಲಿ ಮೀನು ಹಿಡಿಯುವ ಮೊಗವೀರರ ಮನೆಗಳಿಂದ ಬರುತ್ತಿದ್ದವಳು. ಆ ಕೇರಿಯಿಂದ ಅಷ್ಟು ತರಗತಿ ಓದಿದ ಮೊದಲ ಹುಡುಗಿ ಎಂದು ಮುಖ್ಯೋಪಾಧ್ಯಾಯರು ಬಂದವರಿಗೆಲ್ಲ ತೋರಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದರೆ ಮಂಗಳೂರಿಗೆ ಹೋಗಿ ನರ್ಸ್ ತರಬೇತಿಗೆ ಸೇರುವುದೆಂದು ಅವಳು ತೀರ್ಮಾನಿಸಿದ್ದಳು. ಆಸೆ ಪಡುತ್ತಿದ್ದಳು ಎಂದು ಬರೆಯಲು ಹೊರಟಿದ್ದೆ. ಆದರೆ ಅವಳು ಅದನ್ನು ಹೇಳುತ್ತಿದ್ದುದು ನಾಳೆ ಸಂತೆಗೆ ಹೋಗುತ್ತೇನೆ ಎನ್ನುವ ಹಾಗೆ.

ಆ ದಿನ ಅವಳು ಎದ್ದು ನಿಂತು ಕೇಳಿದಳು: "ಸರ್, ಒಳ್ಳೇದಕ್ಕೂ ಹಿಂಗೆ ಹೇಳುಕ್ ಆತ್ತಾ?"

ಆಗುವುದಿಲ್ಲ ಎಂದೆ. ಕಾಣಬೇಕಾದ ತಪ್ಪನ್ನು ಕಾಣದಿರುವುದಕ್ಕೆ ಮಾತ್ರ ಈ ಮಾತು, ಆದ್ದರಿಂದ ಇದನ್ನು ಮಾಡುವವನೂ ತಪ್ಪಿತಸ್ಥ ಎಂದೆ. ಅವಳು ಏನೋ ಹೇಳಹೊರಟು ಕೂತಳು. ಕರುಣೆಯಿಂದ ಕಣ್ಣು ತಿರುಗಿಸುವುದಕ್ಕೂ ಇಂಗ್ಲಿಷಿನವರು ಇದನ್ನೇ ಬಳಸುತ್ತಾರೆ. ಆಗ ನನಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಪಾಠ ಬಿಗಿಯಾಗಿರಲಿ ಎಂದು ಬಿಟ್ಟೆನೋ, ಹೇಳಲಾರೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ನುಡಿಗಟ್ಟನ್ನು ಕೊಟ್ಟೆ. ಹೆಚ್ಚಿನವರು ಬಸ್ಸಿನ ಚೆಕ್ಕಿಂಗಿನವನನ್ನೇ ತಂದು ನಿಲ್ಲಿಸಿದ್ದರು. ಅವಳು ಮಾತ್ರ ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳು: ತಾಂಡೇಲರು ನನ್ನ ಅಮ್ಮನಿಗೆ ಕುರುಡುಗಣ್ಣು ತಿರುಗಿಸುತ್ತಾರೆ, ಅದರಿಂದ ನಾನು ಶಾಲೆಗೆ ಬರುತ್ತೇನೆ. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. 'ಟು' ಇರಬೇಕಾದಲ್ಲಿ ಇತ್ತು. ಒಳ್ಳೆಯದಕ್ಕೆ ಬಳಸಿದ್ದಾಳೆಂದು ಎರಡರಲ್ಲಿ ಒಂದು ಅಂಕ ಕಡಿದೆ. ಪೂರ್ತಿ ಸೊನ್ನೆ ಕೊಟ್ಟೆನೋ ಎಂಬ ಅನುಮಾನವೂ ಇದೆ.

ತಾಂಡೇಲ ಎಂದರೆ ಬಲೆಯ ಯಜಮಾನಿಕೆ ನಡೆಸುವವರು. ಅವರು ತಮ್ಮ ಕುರುಡುಗಣ್ಣನ್ನು ತಿರುಗಿಸಿದ್ದು ಯಾವುದಕ್ಕೆ ಎಂಬುದು ನನ್ನನ್ನು ಕಾಡಿತು. ಅವಳನ್ನು ಶಾಲೆಯ ಜಗಲಿಗೆ ಕರೆದು ಕೇಳಿದೆ. ಮೊದಲು ಹೇಳಲಿಲ್ಲ. "ಅದನ್ನ್ ಬಾಯಲ್ ಹೇಳುಕಿಲ್ಲೆ ಸರ್. ಪರೀಕ್ಷೆಗ್ ಬರ್ದದ್ದ್ ಅಷ್ಟೆ" ಎಂದಳು. ನಾನು ಬಿಡಲಿಲ್ಲ. ವಾಕ್ಯದ ಅರ್ಥ ಸರಿಯಿದೆಯೇ ಎಂದು ನೋಡಲು ನನಗೆ ತಿಳಿಯಬೇಕು ಎಂದೆ. ಮೇಷ್ಟರ ಮಾತಿಗೆ ಎದುರಾಡಿ ಗೊತ್ತಿಲ್ಲದ ಹುಡುಗಿ, ತಲೆ ತಗ್ಗಿಸಿ ಹೇಳಿದಳು.

ಅವಳು ಹೇಳಿದ್ದು ಇದು. ಅಲ್ಲಿ ರಂಪಣಿ ಬಲೆ ಹಾಕುತ್ತಿದ್ದರು. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಸಮುದ್ರದಲ್ಲಿ ಅರ್ಧವೃತ್ತವಾಗಿ ಇಳಿಸಿ, ಅದರ ಎರಡೂ ತುದಿಯ ಹಗ್ಗಗಳನ್ನು ದಡಕ್ಕೆ ತಂದು, ಅರವತ್ತು ಎಪ್ಪತ್ತು ಜನ ಎರಡು ಸಾಲಾಗಿ ನಿಂತು ಗಂಟೆಗಟ್ಟಲೆ ಎಳೆಯುತ್ತಿದ್ದರು. ಮೀನು ತುಂಬಿದ ಬಲೆಯ ಚೀಲ ಕೊನೆಯಲ್ಲಿ ಮರಳಿಗೆ ಬರುತ್ತಿತ್ತು. ಹಗ್ಗ ಎಳೆದ ಪ್ರತಿ ಕೈಗೂ ಮೀನಿನಲ್ಲಿ ಪಾಲು. ಪ್ರತಿ ಮನೆಗೂ ಹಗ್ಗದಲ್ಲಿ ಒಂದು ಜಾಗ. ಆ ಜಾಗದಲ್ಲಿ ಗಂಡಸು ನಿಲ್ಲಬೇಕು, ಹೆಂಗಸರು ಹಗ್ಗಕ್ಕೆ ಕೈ ಹಾಕುವ ರೂಢಿಯಿಲ್ಲ. ಹುಡುಗಿಯ ಅಪ್ಪ ಮೂರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡಿದ್ದ. ಮನೆಯಲ್ಲಿ ಬೇರೆ ಗಂಡಸಿರಲಿಲ್ಲ.

ಆದರೆ ಅವರಲ್ಲಿ ಇನ್ನೊಂದು ರೂಢಿಯೂ ಇತ್ತು, ಅದನ್ನು ಯಾರೂ ಮಾತಿನಲ್ಲಿ ಹೇಳುತ್ತಿರಲಿಲ್ಲ. ಚೀಲ ಮರಳಿಗೆ ಬಂದು ಬಿದ್ದ ಗಡಿಬಿಡಿಯಲ್ಲಿ ಸತ್ತವನ ಹೆಂಡತಿ ಅವನ ಜಾಗದ ಹತ್ತಿರ ಬಂದು ಒದ್ದೆ ಹಗ್ಗವನ್ನು ಒಂದು ಕ್ಷಣ ಅಂಗೈಯಿಂದ ಮುಟ್ಟುತ್ತಿದ್ದಳು. ಆ ಹೊತ್ತಿಗೆ ತಾಂಡೇಲರು ಬಡಗಲಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಉಳಿದವರಲ್ಲಿ ಒಬ್ಬ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕಟ್ಟಿಕೊಳ್ಳುತ್ತಿದ್ದ, ಒಬ್ಬ ಎಲೆಯಡಿಕೆ ಉಗಿಯಲು ತಿರುಗುತ್ತಿದ್ದ. ಪಾಲು ಹಾಕುವಾಗ ಆ ಜಾಗಕ್ಕೂ ಒಂದು ಗುಂಪು ಮೀನು ಬೀಳುತ್ತಿತ್ತು. ಕೈ ಮುಟ್ಟಿದೆಯಲ್ಲ! ಕಂಡೆ ಎಂದು ಯಾರಾದರೂ ಹೇಳಿದರೆ, ಎಳೆಯದವಳಿಗೆ ಪಾಲು ಕೊಟ್ಟದ್ದೂ ಹೆಂಗಸು ಹಗ್ಗ ಮುಟ್ಟಿದ್ದೂ ಎರಡೂ ತಪ್ಪಾಗುತ್ತಿತ್ತು. ಆದ್ದರಿಂದ ಯಾರೂ ಕಾಣುತ್ತಿರಲಿಲ್ಲ. ಮನೆಯ ಗಂಡು ಮಕ್ಕಳು ಬೆಳೆದು ಹಗ್ಗಕ್ಕೆ ಬರುವ ತನಕ ಹೀಗೆ ನಡೆಯುತ್ತಿತ್ತಂತೆ. ಈ ಮನೆಯಲ್ಲಿ ಬೆಳೆಯಲು ಗಂಡು ಮಕ್ಕಳಿರಲಿಲ್ಲ, ಹುಡುಗಿಯ ಪರೀಕ್ಷೆ ಮುಗಿಯುವ ತನಕ ಎಂದು ತಾಂಡೇಲರು ಮನಸ್ಸಿನಲ್ಲೇ ಅವಧಿ ಹಾಕಿಕೊಂಡಿದ್ದರೆಂದು ಕಾಣುತ್ತದೆ. ಆ ಮೀನನ್ನು ತಾಯಿ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುತ್ತಿದ್ದಳು. ಮಗಳ ಫೀಸು, ಅನ್ನ ಎರಡೂ ಅದರಲ್ಲೇ.

ಹುಡುಗಿ ಇದನ್ನು ಇಂಗ್ಲಿಷಿನಲ್ಲಿ ಬರೆದದ್ದು ಯಾಕೆ ಎಂದು ಆಮೇಲೆ ಯೋಚಿಸಿದ್ದೇನೆ. ದಂಡೆಯ ಮೇಲೆ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ಆ ಭಾಷೆಯಲ್ಲಿ ಬರೆದರೆ ಹೇಳಿದ ಹಾಗಾಗುವುದಿಲ್ಲ ಎಂದು ಅವಳು ತಿಳಿದಿರಬೇಕು. ನೀವು ಕಂಡದ್ದನ್ನು ಬರೆಯಿರಿ ಎಂದಿದ್ದ ಮೇಷ್ಟರ ಮೇಲೆ ಅಷ್ಟು ಭರವಸೆ.

ಅದಾದ ಮೇಲೆ ನಾನು ನಾಲ್ಕು ಸಂಜೆ ದಂಡೆಗೆ ಹೋದೆ. ನಾಲ್ಕೋ ಎರಡೋ. ಕೇಳಿದ್ದನ್ನು ಕಣ್ಣಿನಿಂದ ಪರೀಕ್ಷಿಸುವುದು ನನ್ನ ಧರ್ಮವೆಂದು ಹೋದೆ. ರಸ್ತೆಯ ಬದಿಯ ಮರಳು ದಿಬ್ಬದ ಮೇಲೆ ಕೂರುತ್ತಿದ್ದೆ. ಎದುರಿಗೆ ಸೂರ್ಯ. ಕಪ್ಪು ಕಪ್ಪು ಆಕೃತಿಗಳು ಹಿಂದಕ್ಕೆ ಬಾಗಿ ಹಗ್ಗ ಎಳೆಯುತ್ತಿದ್ದವು. ಚೀಲ ಬಂದಾಗ ಗದ್ದಲ, ಕಾಗೆಗಳು, ಬುಟ್ಟಿ ಹಿಡಿದ ಹೆಂಗಸರು, ಬಂಗುಡೆಯ ಹೊಳಪು. ಅದರ ನಡುವೆ ಒಂದು ಕೈ. ಕಂಡೆ ಎಂದುಕೊಂಡೆ.

ಇಸವಿ ಎಪ್ಪತ್ತರ ಸುಮಾರಿಗೆ ಒಮ್ಮೆ ಅದೇ ತಿಂಗಳಲ್ಲಿ ಅದೇ ಹೊತ್ತಿಗೆ ಹೋಗಿ ಅಲ್ಲಿ ಕೂತು ನೋಡಿದೆ. ದಂಡೆಯನ್ನು ಕಡಲು ಕೊರೆದಿತ್ತು, ದಿಬ್ಬ ಅದೇ ಹೌದೋ ಅಲ್ಲವೋ ತಿಳಿಯಲಿಲ್ಲ, ಆ ದಿನ ಬಲೆಯೂ ಇರಲಿಲ್ಲ. ಏನೂ ಸಾಬೀತಾಗಲಿಲ್ಲ.

ಈ ಹೊತ್ತಿಗೆ ದಂಡೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಬಲೆಯವರೆಲ್ಲ ಸೇರಿ ಒಂದು ಸಹಕಾರಿ ಸಂಘ ಮಾಡಿಕೊಳ್ಳುತ್ತಿದ್ದರು. ಸಂಘವಾದರೆ ಇಲಾಖೆಯಿಂದ ನೈಲಾನ್ ನೂಲು ಸಿಗುತ್ತದೆಂಬ ಸುದ್ದಿ. ಅರ್ಜಿ ಬರೆಯಲು, ನಿಯಮಗಳನ್ನು ಕಾಗದಕ್ಕೆ ಇಳಿಸಲು ಇಂಗ್ಲಿಷ್ ಬಲ್ಲವನು ಬೇಕಾಗಿ ನನ್ನನ್ನು ಕರೆದರು. ಮೊದಲ ಬಾರಿಗೆ ಆ ಊರಿನಲ್ಲಿ ಯಾರೋ ನನಗೆ ಕುರ್ಚಿ ಕೊಟ್ಟು ಎಳನೀರು ತಂದುಕೊಟ್ಟರು. ನಾನು ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡೆ. ಪಾಲು ಯಾರಿಗೆ ಎಂದು ಕೇಳಿದಾಗ, ಹಗ್ಗ ಎಳೆದವರಿಗೆ ಎಂದರು. ಯಾವಾಗಿನಿಂದ ಯಾವಾಗಿನ ತನಕ ಎಳೆದವರಿಗೆ ಎಂದು ಕೇಳಿದೆ. ಅವರು ಮುಖ ಮುಖ ನೋಡಿಕೊಂಡರು. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಚೀಲ ಮರಳಿಗೆ ಬರುವ ಮೊದಲು ಹಗ್ಗ ಹಿಡಿದ, ದುಡಿಯುವ ಸದಸ್ಯನಿಗೆ ಮಾತ್ರ ಪಾಲು ಎಂದು ನಾನೇ ಬರೆದೆ. ವಾಕ್ಯ ಅಚ್ಚುಕಟ್ಟಾಗಿತ್ತು.

ಆ ವಾಕ್ಯ ಬೊಂಬಾಯಿಯಿಂದ ಮರಳಿ ಬಂದಿದ್ದ ಒಬ್ಬನಿಗೆ ಉಪಯೋಗಕ್ಕೆ ಬಂತು. ಅವನು ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದು ಬಿಟ್ಟು ಬಂದವನು. ಹಗ್ಗದಲ್ಲಿ ತನ್ನ ಭಾವನಿಗೆ ಒಂದು ಜಾಗ ಬೇಕೆಂದು ತಿಂಗಳುಗಳಿಂದ ಕೇಳುತ್ತಿದ್ದ. ಇದ್ದ ಜಾಗಗಳೆಲ್ಲ ತುಂಬಿದ್ದವು, ಹುಡುಗಿಯ ಅಪ್ಪನ ಆ ಒಂದು ಜಾಗ ಬಿಟ್ಟು. ನನ್ನ ಕೋಣೆಗೆ ಎರಡು ಸಲ ಬಂದು ಕೂತ. ನಿಮ್ಮಂಥ ಓದಿದವರು ಮೊದಲೇ ಇಲ್ಲಿಗೆ ಬಂದಿದ್ದರೆ ಈ ಊರು ಎಲ್ಲಿಗೋ ಹೋಗುತ್ತಿತ್ತು ಎಂದ. ನನಗೆ ಹಿತವಾಯಿತು. ಮಾತಿನ ನಡುವೆ ನಾನು ಅವನಿಗೆ ಆ ಹುಡುಗಿಯ ವಾಕ್ಯದ ಬಗ್ಗೆ ಹೇಳಿದೆನೇ? ಹೇಳಿಲ್ಲವೆಂದು ನನ್ನ ನೆನಪು ಹೇಳುತ್ತದೆ. ಆದರೆ ಸಭೆಯಲ್ಲಿ ಅವನು ನೇರವಾಗಿ ನನ್ನನ್ನೇ ಕೇಳಿದ. ಮೇಷ್ಟರಿಗೆ ಗೊತ್ತಿದೆ ಎಂದು ಅವನಿಗೆ ಹೇಗೆ ಗೊತ್ತಾಯಿತು ಎಂಬುದಕ್ಕೆ ನನ್ನ ನೆನಪಿನ ಬಳಿ ಉತ್ತರವಿಲ್ಲ.

ಸಭೆ ಭಾನುವಾರ ಬೆಳಿಗ್ಗೆ ಬಲೆ ಒಣಗಿಸುವ ಚಪ್ಪರದ ಕೆಳಗೆ ನಡೆಯಿತು. ಸದಸ್ಯರ ಪಟ್ಟಿಯನ್ನು ನಾನು ಓದುತ್ತಿದ್ದೆ. ಸತ್ತವನ ಜಾಗದ ಹೆಸರು ಬಂದಾಗ ಬೊಂಬಾಯಿಯವನು ಎದ್ದು, ಈ ಜಾಗದಲ್ಲಿ ಯಾರು ಎಳೆಯುತ್ತಾರೆ ಎಂದ. "ಖಾಲಿ ಜಾಗಕ್ಕೆ ಪಾಲ್ ಹ್ಯಾಂಗ್ ಬೀಳತ್ತ್? ಕಾನೂನ್ ಅಂದ್ರೆ ಎಲ್ರಿಗೂ ಕಾನೂನ್" ಎಂದ. ಜಾಗ ಖಾಲಿಯಿಲ್ಲ, ಕೈ ಬೀಳುತ್ತದೆ ಎಂದು ಮುದುಕರೊಬ್ಬರು ನೆಲ ನೋಡುತ್ತ ಹೇಳಿದರು. ಯಾವಾಗ ಬೀಳುತ್ತದೆ, ಚೀಲ ಬರುವ ಮೊದಲೋ ಆಮೇಲೋ ಎಂದು ಅವನು ಒಬ್ಬೊಬ್ಬರನ್ನೇ ಕೇಳುತ್ತ ಹೋದ. ನಾನು ಬೇರೆ ಕಡೆ ನೋಡುತ್ತಿದ್ದೆ ಎಂದು ಒಬ್ಬ, ನನ್ನ ಕಣ್ಣಿಗೆ ಮರಳು ಬಿದ್ದಿತ್ತು ಎಂದು ಒಬ್ಬ. ಮೂರು ವರ್ಷದಿಂದ ದಿನಾ ಮರಳು ಬೀಳುತ್ತದೆಯೇ ಎಂದ. ಹೌದು, ಇದು ಮರಳಿನ ಊರಲ್ಲವೇ ಎಂದು ಉತ್ತರ ಬಂತು. ಕೆಲವರು ನಕ್ಕರು. ಆ ನಗುವಿನಲ್ಲಿ ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯುತ್ತಿತ್ತು ಕೂಡ.

ತಾಂಡೇಲರು ಕೊನೆಗೆ ಹೇಳಿದರು: "ನಾ ತಾಂಡೇಲ. ನನ್ ಕಣ್ಣಿಗ್ ಬಿದ್ದದ್ದಿಲ್ಲೆ. ಮುಂದಿನ್ ಹೆಸ್ರ್ ಓದಿ ಮಾಷ್ಟ್ರೆ."

ಮುಂದಿನ ಹೆಸರು ಓದಿದ್ದರೆ ಸಾಕಿತ್ತು. ಕಾಗದ ನನ್ನ ಕೈಯಲ್ಲೇ ಇತ್ತು. ಆದರೆ ಬೊಂಬಾಯಿಯವನು ನನ್ನ ಕಡೆ ತಿರುಗಿ, ಮೇಷ್ಟರೇ, ನೀವು ಸಂಜೆ ಸಂಜೆ ದಂಡೆಯಲ್ಲಿ ಕೂರುತ್ತಿದ್ದಿರಿ, ನೀವು ಸುಳ್ಳು ಹೇಳುವವರಲ್ಲ, ನೀವು ಕಂಡಿದ್ದೀರಾ ಎಂದ.

ನಲವತ್ತು ಮುಖಗಳು ನನ್ನತ್ತ ತಿರುಗಿದವು. ಅಲ್ಲಿ ಯಾವ ಬೆದರಿಕೆಯೂ ಇರಲಿಲ್ಲ, ಆ ಮುಖಗಳು ಕೇಳುತ್ತಿದ್ದುದು ಬಹಳ ಸಣ್ಣ ಉಪಕಾರ. ಅದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಆ ಊರಿನಲ್ಲಿ ಒಂದು ಗುಟ್ಟು ಗೊತ್ತಿದ್ದು, ಅದನ್ನು ಹೇಳುವ ಧೈರ್ಯವಿದ್ದವನು ನಾನೊಬ್ಬನೇ ಎಂಬ ಅಮಲು ತಲೆಗೇರಿತ್ತು. ಇದಕ್ಕೆ ಸತ್ಯನಿಷ್ಠೆ ಎಂದು ಹೆಸರಿಟ್ಟುಕೊಂಡೆ. ಎದ್ದು ನಿಂತು, ಕಂಡಿದ್ದೇನೆ, ಚೀಲ ಮರಳಿಗೆ ಬಂದ ಮೇಲೆಯೇ ಆಕೆ ಹಗ್ಗ ಮುಟ್ಟುತ್ತಾಳೆ ಎಂದೆ.

ಆಮೇಲೆ ತಾಂಡೇಲರು ತಣ್ಣಗೆ ಹೇಳಿದರು: "ಮಾಷ್ಟ್ರ ಕಣ್ಣ್ ಬಾರೀ ಚುರ್ಕ್. ನಾಳೆಯಿಂದ ದೋಣಿಯಂಗ್ ಬಂದ್ ಕೂಕಣಿ. ಮೀನ್ ಎಲ್ಲಿತ್ತ್ ಅಂದೇಳಿ ಹೇಳುಕ್ ಆತ್ತ್."

ಒಬ್ಬರೂ ನಗಲಿಲ್ಲ. ಕಂಡವನೊಬ್ಬ ಎದ್ದು ಹೇಳಿದ ಮೇಲೆ ಉಳಿದವರು ಕಾಣದ ಹಾಗಿರುವಂತಿಲ್ಲ. ಆ ಜಾಗ ಬೊಂಬಾಯಿಯವನ ಭಾವನಿಗೆ ಹೋಯಿತು. ಹೆಸರು ತಿದ್ದಿ ಬರೆದವನೂ ನಾನೇ.

ಎರಡು ಮೂರು ದಿನಗಳ ಮೇಲೆ ತಾಯಿ ಸಿಕ್ಕಿದಳು. ಬಸ್ಸು ನಿಲ್ಲುವಲ್ಲಿ ಗೋಳಿಮರದ ಕೆಳಗೆ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನಾನು ಕುಂದಾಪುರಕ್ಕೆ ಹೊರಟಿದ್ದೆ. ಅವಳನ್ನು ಕಂಡೂ ಕಾಣದ ಹಾಗೆ ಆಚೆ ಹೋಗಿ ನಿಂತೆ. ಅವಳೇ ಕರೆದಳು.

"ಹ್ವಾಯ್ ಮಾಷ್ಟ್ರೆ. ನಿಮ್ಗ್ ಎಲ್ಲ ಕಾಂತ್ತ್ ಅಲ್ದಾ?"

ನಾನು ನಿಯಮ, ಸಂಘ, ಇಲಾಖೆ ಎಂದೆಲ್ಲ ಏನೋ ಹೇಳತೊಡಗಿದೆ. ಅವಳು ಕೇಳಿಸಿಕೊಂಡಳು. ಬಸ್ಸು ಬರುವ ಸದ್ದಾದಾಗ ಎದ್ದು ಬುಟ್ಟಿ ತೆಗೆದುಕೊಂಡಳು.

"ಪರೀಕ್ಷೆಗ್ ಇನ್ ನಾಕೇ ತಿಂಗ್ಳಿತ್ತ್. ಅದೊಂದ್ ನಿಮ್ಗ್ ಕಾಂಬುದಿಲ್ಯಾ?"

ಸಿಟ್ಟಿನ ದನಿಯಾಗಿದ್ದರೆ ನಾನು ವಾದ ಮಾಡಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನಾನು ಬಸ್ಸು ಹತ್ತಿದೆ. ಅವಳೂ ಅದೇ ಬಸ್ಸಿಗೆ ಬಂದಳೋ, ಅಲ್ಲಿಯೇ ಉಳಿದಳೋ, ಹಿಂದೆ ತಿರುಗಿ ನೋಡಲಿಲ್ಲವಾದ್ದರಿಂದ ತಿಳಿಯದು.

ಮಗಳ ಬಗ್ಗೆ ನನ್ನ ನೆನಪು ಇನ್ನೂ ಅನುಕೂಲಕರವಾಗಿದೆ. ಅವಳು ಆ ವರ್ಷ ಪೂರ್ತಿ ತರಗತಿಯಲ್ಲಿದ್ದಳು, ಕಿಟಕಿಯ ಬದಿಯಲ್ಲಿ ಕೂರುತ್ತಿದ್ದಳು, ನನ್ನ ಕಡೆ ನೋಡದೆ ಬರೆದುಕೊಳ್ಳುತ್ತಿದ್ದಳು ಎಂದು ಅದು ಹೇಳುತ್ತದೆ. ಬೇಸಿಗೆ ರಜೆಗೆ ಮೊದಲೇ ನಾನು ಆ ನೌಕರಿ ಬಿಟ್ಟೆ, ಆಮೇಲೆ ಅವಳಿಗೆ ಮದುವೆಯಾಯಿತಂತೆ, ಅಥವಾ ಕುಂದಾಪುರದ ಯಾವುದೋ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋದಳಂತೆ. ಯಾರು ಹೇಳಿದರು ಎಂದು ಕೇಳಿಕೊಂಡರೆ ಯಾರ ಮುಖವೂ ಬರುವುದಿಲ್ಲ.

ಮುಂದಿನ ಊರುಗಳಲ್ಲಿ, ಬ್ರಹ್ಮಾವರದಲ್ಲಂತೂ ಎಷ್ಟೋ ಸಲ, ಅಧ್ಯಾಪಕರ ಕೊಠಡಿಯಲ್ಲಿ ನಾನು ಈ ವಾಕ್ಯದ ಕಥೆ ಹೇಳಿದ್ದೇನೆ. ಕಡಲದಂಡೆಯ ಹುಡುಗಿಯೊಬ್ಬಳು ಒಂದು ಇಂಗ್ಲಿಷ್ ನುಡಿಗಟ್ಟಿಗೆ ನಮ್ಮೂರಿನ ಪ್ರಾಣ ತುಂಬಿದ ಕಥೆ. ಕೇಳಿದವರು ತಲೆದೂಗುತ್ತಿದ್ದರು. ಆ ಕಥೆಯಲ್ಲಿ ಚಪ್ಪರದ ಸಭೆ ಇರಲಿಲ್ಲ. ನಾನು ಅವಳಿಗೆ ಎರಡಕ್ಕೆ ಎರಡು ಅಂಕ ಕೊಟ್ಟಿರುತ್ತಿದ್ದೆ. ಮುಂದೆ ಆ ಹುಡುಗಿ ಏನಾದಳು ಎಂದು ಒಬ್ಬರು ಕೇಳಿದಾಗ, ನರ್ಸ್ ಆಗಿದ್ದಾಳಂತೆ ಎಂದು ಬಾಯಿಂದ ಬಂದುಬಿಟ್ಟಿತು. ಎರಡು ಮೂರು ಸಲ ಹೇಳಿದ ಮೇಲೆ ನನಗೂ ಹಾಗೆಯೇ ಅನ್ನಿಸತೊಡಗಿತು. ಬಿಳಿ ಉಡುಪಿನಲ್ಲಿ ಅವಳನ್ನು ಕಂಡ ಹಾಗೂ ಆಗಿತ್ತು.

ಹಾಗಾದ ಮೇಲೆ ನನಗೆ ಭಯವಾಯಿತು. ಎಪ್ಪತ್ತರ ದಶಕದ ಮೊದಲಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಅದೇ ಶಾಲೆಗೆ ಹಾಕಿದರು. ಮಧ್ಯಾಹ್ನದ ಬಿಡುವಿನಲ್ಲಿ ಗುಮಾಸ್ತರ ಬಳಿ ಹೋಗಿ, ನಾನಿದ್ದ ವರ್ಷದ ಹಾಜರಿ ಪುಸ್ತಕ ಇದೆಯೇ ಎಂದು ಕೇಳಿದೆ. ಸೇವಾ ಅವಧಿಯ ಲೆಕ್ಕಕ್ಕೆ ಬೇಕು ಎಂದು ನೆಪ ಹೇಳಿದೆ. ಗೆದ್ದಲು ಹಿಡಿದ ಕಟ್ಟು ಬಿಚ್ಚಿ ಅವರು ಪುಸ್ತಕ ತೆಗೆದುಕೊಟ್ಟರು. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಸಭೆ ನಡೆದ ಮರುದಿನ, ಸೋಮವಾರದಿಂದ, ಆ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿಯ ಗುರುತು. ಒಂದು ದಿನವೂ ಬಿಡದೆ ತಿಂಗಳ ಕೊನೆಯವರೆಗೆ ಅದೇ ಗುರುತು. ಮುಂದಿನ ತಿಂಗಳ ಪುಟದಲ್ಲಿ ಹೆಸರಿನ ಮೇಲೆ ಅಡ್ಡಗೆರೆ. ಶಾಲೆ ಬಿಟ್ಟ ಕಾರಣ ಬರೆಯುವ ಅಂಕಣದಲ್ಲಿ 'ತಿಳಿದಿಲ್ಲ' ಎಂದು ಬರೆದಿತ್ತು. ಅಕ್ಷರ ನನ್ನದು.